ಹಿಮಗಾಲದ ಹಿಂಡು ಮತ್ತು ಖಾತೆಯ ಪುಸ್ತಕ

(ಸಂಘದ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಮಾತನಾಡುವವರು ಸಾಮಾನ್ಯವಾಗಿ ಪ್ರಾಧ್ಯಾಪಕರು, ವೈದ್ಯರು, ಇಲ್ಲವೆ ಸಾಹಿತಿಗಳು. ನಾನಾದರೋ ಗಿರಣಿಯೊಂದರಲ್ಲಿ ಸರಕಿನ ಲೆಕ್ಕ ಬರೆಯುವ ಗುಮಾಸ್ತ, ಮ್ಯಾಟ್ರಿಕಿನವರೆಗೆ ಓದಿದವನು. ಸಂಜೆ ಗಿರಣಿಯಿಂದ ಬಂದ ಮೇಲೆ ಇಲ್ಲಿಯ ಪತ್ರಿಕೆಗಳನ್ನು ಜೋಡಿಸುವುದು, ರಾತ್ರಿ ಬಾಗಿಲಿಗೆ ಬೀಗ ಹಾಕುವುದು, ಇಷ್ಟೇ ನನ್ನ ಸೇವೆ. ಈ ಸಲ ನೀವೇ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ದಿಗಿಲಾಯಿತು. "ಏನು ಓದಿದ್ದೀರೋ ಅದನ್ನೇ ಹೇಳಿರಿ" ಎಂದರು. ಆದುದರಿಂದ ಓದಿದ್ದನ್ನೇ ಹೇಳುತ್ತೇನೆ. ನಾನು ಆ ದೇಶವನ್ನು ಕಂಡವನಲ್ಲ, ಅಂಥ ಚಳಿಯನ್ನು ಉಂಡವನೂ ಅಲ್ಲ. ತಪ್ಪಿದ್ದರೆ ತಿದ್ದಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಕೆಲವು ದಿನಗಳ ಹಿಂದೆ ಯಾರೋ ಮಹನೀಯರು ಒಂದು ಗಂಟು ಹಳೆಯ ಪರದೇಶದ ಪತ್ರಿಕೆಗಳನ್ನು ವಾಚನಾಲಯಕ್ಕೆ ಕೊಟ್ಟರು. ಅವುಗಳ ಧೂಳು ಕೊಡವುವಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಹಿಮದ ಬಯಲಿನಲ್ಲಿ ಒಂಟಿಯಾಗಿ ನಿಂತ ಒಂದು ದನ. ಪಕ್ಕೆಲುಬು, ಟೊಂಕದ ಮೂಳೆ ಎಲ್ಲ ಎಣಿಸಬಹುದು. ಕಾಲು ಕೂಡಿಸಿಕೊಂಡು ತಲೆ ತಗ್ಗಿಸಿ ನಿಂತಿದೆ. ತುಸು ದೂರದಲ್ಲಿ ತೋಳಗಳು ಅವಸರವಿಲ್ಲದೆ ಕಾಯುತ್ತಿವೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನಿಗೆ ಅಂಥ ಚಿತ್ರವನ್ನು ನೋಡಿ ಹಾಳೆ ಮಗುಚಲಾಗುವುದಿಲ್ಲ. ಅದರ ಕತೆಯನ್ನು ಹುಡುಕಿ ಓದಿದೆ.

ಅದನ್ನು ಬರೆದವನು ಚಾರ್ಲ್ಸ್ ರಸೆಲ್. ಮುಂದೆ ಅಮೆರಿಕದ ದೊಡ್ಡ ಚಿತ್ರಕಾರನೆನಿಸಿದ ಆತ ೧೮೮೬-೮೭ರ ಚಳಿಗಾಲದಲ್ಲಿ ಮೊಂಟಾನಾ ಪ್ರಾಂತದ ಜ್ಯೂಡಿತ್ ಕಣಿವೆಯಲ್ಲಿದ್ದ ೨೨ ವರ್ಷದ ದನಗಾಹಿ. ಹಿಂಡಿನ ಒಡೆಯರಲ್ಲೊಬ್ಬನಾದ ಲೂಯಿ ಕಾಫ್ಮನ್ ಎಂಬವನು ಹೆಲೆನಾ ಪಟ್ಟಣದಿಂದ, ದನಗಳ ಸ್ಥಿತಿ ಹೇಗಿದೆಯೆಂದು ಪತ್ರ ಬರೆದು ಕೇಳಿದ. ರಸೆಲ್ ಅಂಗೈಯಗಲದ ಕಾಗದದ ಮೇಲೆ ಈ ಚಿತ್ರ ಬರೆದು ಉತ್ತರವಾಗಿ ಕಳಿಸಿದ. 'ಚಿನೂಕಿಗಾಗಿ ಕಾಯುತ್ತ' ಎಂಬುದು ಅದಕ್ಕೆ ನಿಂತ ಹೆಸರು. ಚಿನೂಕ್ ಎಂದರೆ ರಾಕಿ ಪರ್ವತಗಳ ಪೂರ್ವದ ಇಳಿಜಾರಿನಿಂದ ಬೀಸುವ ಒಣ ಬೆಚ್ಚನೆಯ ಗಾಳಿ. ಅದು ಬಂತೆಂದರೆ ಹಿಮ ನೋಡನೋಡುತ್ತ ಕರಗುತ್ತದೆ. ದಕ್ಷಿಣ ಡಕೋಟಾದ ಸ್ಪಿಯರ್‌ಫಿಶ್ ಎಂಬ ಊರಿನಲ್ಲಿ ೧೯೪೩ರ ಜನವರಿ ೨೨ರಂದು ಇಂಥ ಗಾಳಿ ಬೀಸಿ, ಎರಡೇ ನಿಮಿಷದಲ್ಲಿ ಸೊನ್ನೆಗಿಂತ ೨೦ ಡಿಗ್ರಿ ಕೆಳಗಿದ್ದ ಉಷ್ಣಮಾನ ಸೊನ್ನೆಯ ಮೇಲೆ ೭ ಡಿಗ್ರಿಗೆ ಏರಿತು. ಆ ದನ ಕಾಯುತ್ತಿದ್ದುದು ಅಂಥ ಗಾಳಿಗಾಗಿ. ಒಡೆಯನು ಕೇಳಿದ್ದು ಹಿಂಡಿನ ವರದಿ. ಅವನ ಕೈಗೆ ಬಂದದ್ದು ಒಂದು ದನ.

ಇಂಥ ಪ್ರಸಂಗ ಏಕೆ ಬಂತೆಂಬುದನ್ನು ಹೇಳಬೇಕಾದರೆ ರಾಂಚು ಎಂದರೇನೆಂದು ಹೇಳಬೇಕು. ನಮ್ಮಲ್ಲಿ ದನ ಮನೆಯ ಮಗ್ಗುಲಲ್ಲಿ ಕಟ್ಟಿದ ಜೀವ, ಅದಕ್ಕೊಂದು ಹೆಸರುಂಟು. ಅಲ್ಲಿ ನೂರಾರು, ಸಾವಿರಾರು ದನಗಳ ಹಿಂಡು. ಗುರುತಿಗೆ ಚರ್ಮದ ಮೇಲೆ ಕಾಯಿಸಿದ ಕಬ್ಬಿಣದ ಮುದ್ರೆ. ೧೮೬೫ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನ ದನಗಳನ್ನು ಉತ್ತರದ ಬಯಲುಗಳಿಗೆ ಹೊಡೆದುಕೊಂಡು ಬಂದರು. ಅಲ್ಲಿಯ ಕಾಡುಕೋಣಗಳು ಬೇಟೆಗೆ ಬಲಿಯಾಗಿ, ಅವುಗಳನ್ನು ನಂಬಿ ಬದುಕಿದ್ದ ಮೂಲನಿವಾಸಿಗಳು ನೆಲ ಕಳೆದುಕೊಂಡು, ಹುಲ್ಲುಗಾವಲು ಬರಿದಾಗಿತ್ತು. ಅಲ್ಲಿಯ ಹುಲ್ಲು ನಿಂತಲ್ಲೇ ಒಣಗಿ ಚಳಿಗಾಲಕ್ಕೂ ಮೇವಾಗುತ್ತದೆ. ಆದ್ದರಿಂದ ಹುಲ್ಲು ಕೊಯ್ದು ಕೂಡಿಡುವ ಗೊಡವೆ ಬೇಡ, ಕೊಟ್ಟಿಗೆಯೂ ಬೇಡ. ಬಯಲಿಗೆ ಬಿಟ್ಟರೆ ದನ ತಾನೇ ಮೇಯ್ದು ತಾನೇ ಹೆಚ್ಚುತ್ತದೆಂದು ಜನ ನಂಬಿದರು.

ಈ ನಂಬಿಕೆಯ ಮೇಲೆ ಕಂಪನಿಗಳು ಎದ್ದವು. ಎಡಿನ್‌ಬರೋ, ಡಂಡೀ, ಲಂಡನ್ ಪಟ್ಟಣಗಳ ಹಣವಂತರು ಪಾಲು ಕೊಂಡರು. ಡಂಡೀ ಎಂಬುದು ಸೆಣಬಿನ ಗಿರಣಿಗಳ ಊರು. ನಮ್ಮ ಬಂಗಾಲದ ಸೆಣಬನ್ನು ನೂತು ನೇಯ್ದು ಶ್ರೀಮಂತವಾದದ್ದು. ಅಲ್ಲಿಯವರೇ ೧೮೮೨ರಲ್ಲಿ ಕಟ್ಟಿದ ಮ್ಯಾಟಡಾರ್ ಕಂಪನಿ ೧೯೫೧ರವರೆಗೆ ಟೆಕ್ಸಾಸಿನಲ್ಲಿ ದನ ಸಾಕಿತು. ಗಿರಣಿಯ ನೌಕರನಾದ ನನಗೆ ಇದನ್ನು ಓದಿ ಸೋಜಿಗವಾಯಿತು.

ಇನ್ನು ಲೆಕ್ಕದ ಮಾತು. ಆ ಬಯಲಿಗೆ ಬೇಲಿಯಿಲ್ಲ. ದನಗಳನ್ನು ಒಂದೊಂದಾಗಿ ಎಣಿಸುವುದು ಬಹು ಕಷ್ಟ. ಅದಕ್ಕೆ ಒಂದು ಸುಲಭ ದಾರಿ ಕಂಡುಕೊಂಡರು. ಇಷ್ಟು ದನ ಕೊಂಡೆವು, ಈ ವರ್ಷ ಇಷ್ಟು ಕರುಗಳಿಗೆ ಮುದ್ರೆ ಹಾಕಿದೆವು, ಇಷ್ಟು ಮಾರಿದೆವು, ನೂರಕ್ಕೆ ಇಷ್ಟು ಸತ್ತಿರಬಹುದು, ಉಳಿದದ್ದು ಹಿಂಡು. ಇದಕ್ಕೆ ಪುಸ್ತಕದ ಎಣಿಕೆಯೆಂದು ಹೆಸರು. ಇಡೀ ರಾಂಚುಗಳು ಪುಸ್ತಕದ ಎಣಿಕೆಯ ಮೇಲೆ ಕೈ ಬದಲಾಯಿಸಿದವು. ಸತ್ತಿರಬಹುದೆಂದು ಹಿಡಿದದ್ದು ಕಡಿಮೆ, ಹುಟ್ಟಿರಬಹುದೆಂದು ಹಿಡಿದದ್ದು ಹೆಚ್ಚು. ಹೀಗೆ ವರ್ಷವರ್ಷವೂ ಕಾಗದದ ಮೇಲೆ ದನ ಈಯುತ್ತ ಹೋಯಿತು. ವಯೋಮಿಂಗ್ ಪ್ರಾಂತದ ಷಯೆನ್ ಪಟ್ಟಣದಲ್ಲಿ ಆಗ ಒಂದು ನಗೆಮಾತು ಹುಟ್ಟಿತಂತೆ: ಹೊರಗೆ ಹಿಮ ಎಷ್ಟೇ ಬೀಳಲಿ, ಖಾತೆಯ ಪುಸ್ತಕವೇನೂ ಹೆಪ್ಪುಗಟ್ಟುವುದಿಲ್ಲವಲ್ಲ ಎಂದು. ಓದಿ ನಾನೂ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಏಕೆಂಬುದನ್ನು ಕಡೆಗೆ ಹೇಳುತ್ತೇನೆ.

೧೮೮೬ರ ಬೇಸಿಗೆ ಮಳೆಯಿಲ್ಲದೆ ಒಣಗಿತು. ಬಯಲು ತಾಳುವುದಕ್ಕಿಂತ ಹೆಚ್ಚು ದನಗಳಿದ್ದವು. ಇದ್ದ ಹುಲ್ಲು ಬುಡದವರೆಗೆ ಮೇಯ್ದುಹೋಗಿತ್ತು. ನವೆಂಬರಿನಲ್ಲೇ ಹಿಮ ಬಿತ್ತು. ನಡುವೆ ತುಸು ಕರಗಿ ಮತ್ತೆ ಹೆಪ್ಪುಗಟ್ಟಿ, ಹುಲ್ಲಿನ ಮೇಲೆ ಗಾಜಿನಂಥ ಪದರ ನಿಂತಿತು. ಕುದುರೆ ಗೊರಸಿನಿಂದ ಹಿಮ ಕೆದರಿ ಹುಲ್ಲು ತಿನ್ನಬಲ್ಲದು. ದನಕ್ಕೆ ಆ ರೂಢಿಯಿಲ್ಲ. ಅದು ಮೂತಿಯಿಂದ ನೂಕುತ್ತದೆ. ಪದರ ಗಟ್ಟಿಯಾದರೆ ಮೂತಿ ಗಾಯವಾಗುತ್ತದೆ, ಕಾಲಿನ ಚರ್ಮ ಹರಿಯುತ್ತದೆ. ಜನವರಿಯಲ್ಲಿ ಬಿರುಗಾಳಿ ಎದ್ದಿತು. ಉಷ್ಣಮಾನ ಕೆಲವೆಡೆ ಸೊನ್ನೆಗಿಂತ ೪೦ ಡಿಗ್ರಿಗೂ ಕೆಳಗಿಳಿಯಿತು. ಬಿರುಗಾಳಿಯಲ್ಲಿ ದನ ಗಾಳಿಗೆ ಬೆನ್ನುಕೊಟ್ಟು ನಡೆಯುತ್ತ ಹೋಗುತ್ತದೆ. ಹಳ್ಳವೋ ತಂತಿಬೇಲಿಯೋ ಅಡ್ಡ ಬಂದಲ್ಲಿ ನಿಲ್ಲುತ್ತದೆ. ಹಿಂದಿನವು ಮುಂದಿನವುಗಳ ಮೇಲೆ ಬೀಳುತ್ತವೆ. ವಸಂತದಲ್ಲಿ ಹಿಮ ಕರಗಿದಾಗ ಹಳ್ಳಕೊಳ್ಳಗಳಲ್ಲಿ ಹೆಣಗಳ ರಾಶಿ ಕಂಡಿತು. ಅನೇಕರ ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟನಿಗೂ ಡಕೋಟಾದಲ್ಲಿ ರಾಂಚು ಇತ್ತು. ಆ ಚಳಿಗಾಲದಲ್ಲಿ ಆತ ಯುರೋಪಿನಲ್ಲಿದ್ದ. ತಿರುಗಿ ಬಂದು ನೋಡುವಾಗ ಹಿಂಡು ಹಾಳಾಗಿತ್ತು. ಆಗ ಎಲ್ಲರೂ ನಿಜವಾದ ಎಣಿಕೆಗೆ ಕೈಹಾಕಿದರು. ಸತ್ತ ದನಗಳ ಜೊತೆಗೆ, ಎಂದೂ ಹುಟ್ಟದೆ ಪುಸ್ತಕದಲ್ಲಿ ಮಾತ್ರ ಬದುಕಿದ್ದ ದನಗಳೂ ಆಗಲೇ ಹೊರಬಿದ್ದವು. ಸ್ಕಾಟ್‌ಲೆಂಡಿನವರ ಹಣದಿಂದ ೧೮೮೩ರಲ್ಲಿ ದೊಡ್ಡ ಕಂಪನಿ ಕಟ್ಟಿದ ವಯೋಮಿಂಗಿನ ಅಲೆಕ್ಸಾಂಡರ್ ಸ್ವಾನ್ ೧೮೮೭ರಲ್ಲಿ ದಿವಾಳಿಯಾದ.

ಮೊಂಟಾನಾದ ಹಿರಿಯ ಸಾಕಣೆಗಾರ ಗ್ರಾನ್‌ವಿಲ್ ಸ್ಟುವರ್ಟನ ಹಿಂಡಿಗೂ ಇದೇ ಗತಿಯಾಯಿತು. ಆತ ಮನಸ್ಸು ನೊಂದು, ಮೇವನ್ನೂ ಆಸರೆಯನ್ನೂ ಕೊಡಲಾಗದ ಒಂದು ಪ್ರಾಣಿಯನ್ನೂ ತಾನು ಇನ್ನು ಇಟ್ಟುಕೊಳ್ಳಲಾರೆನೆಂದು ನಿಶ್ಚಯಿಸಿದನಂತೆ. ಇಂದಿನ ರಾಂಚು ಹುಟ್ಟಿದ್ದು ಈ ಬುದ್ಧಿಯಿಂದ. ಹಿಂಡು ಚಿಕ್ಕದಾಯಿತು, ಬೇಲಿ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಹುಲ್ಲಿನ ಬಣವೆ ಬಂತು. ಮೊಂಟಾನಾದ ಬಿಗ್ ಹೋಲ್ ಕಣಿವೆಯಲ್ಲಿ ಹುಲ್ಲನ್ನು ಇಳಿಜಾರಾದ ಮರದ ಚೌಕಟ್ಟಿನ ಮೇಲೆಳೆದು ಬಣವೆ ಒಟ್ಟುವ ಯಂತ್ರವೊಂದನ್ನು ಮಾಡಿ ೧೯೧೦ರಲ್ಲಿ ಪೇಟೆಂಟು ಪಡೆದರು. ಹತ್ತು ಸಾವಿರ ಬಣವೆಗಳ ಕಣಿವೆಯೆಂದೇ ಅದಕ್ಕೆ ಹೆಸರಾಯಿತು.

ಮೇವಿನ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿ ನೋಡಿದೆ. ೫೫೦ ಕಿಲೋ ತೂಗುವ ಗಬ್ಬದ ಹಸುವಿಗೆ ದಿನಕ್ಕೆ ಸುಮಾರು ೧೨ ಕಿಲೋ ಒಣಹುಲ್ಲು ಬೇಕು. ಚಳಿಗಾಲ ೧೫೦ ದಿನವೆಂದು ಹಿಡಿದರೆ ಒಂದು ಹಸುವಿಗೆ ೧,೮೦೦ ಕಿಲೋ. ೩೦೦ ಹಸುಗಳ ಹಿಂಡಿಗೆ ೫೪೦ ಟನ್ನು. ಈಗ ಹುಲ್ಲನ್ನು ಯಂತ್ರದಿಂದ ಸುತ್ತಿ ದೊಡ್ಡ ಉರುಳೆಗಳನ್ನು ಮಾಡುತ್ತಾರೆ. ಒಂದು ಉರುಳೆ ೬೦೦ ಕಿಲೋ ಎಂದರೆ ದಿನಕ್ಕೆ ೬, ಚಳಿಗಾಲಕ್ಕೆ ೯೦೦. ತುಳಿದು ಕೆಡುವುದಕ್ಕೂ ಚಳಿ ಹೆಚ್ಚಾದ ದಿನಗಳಿಗೂ ಇದರ ಮೇಲೆ ಇನ್ನಷ್ಟು ಬೇಕು. ಇದೆಲ್ಲ ಜುಲೈ, ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಕೊಯ್ದು, ಒಣಗಿಸಿ, ಒಟ್ಟಬೇಕಾದ ಹುಲ್ಲು. ಜನವರಿಯ ಹಸು ಬದುಕುವುದೋ ಸಾಯುವುದೋ ಎಂಬುದು ಜುಲೈಯಲ್ಲೇ ತೀರ್ಮಾನವಾಗಿರುತ್ತದೆ.

ಹುಲ್ಲು ಬರಿಯ ಹಸಿವಿನ ಮಾತಲ್ಲ. ದನದ ಹೊಟ್ಟೆಯ ಮೊದಲ ಚೀಲದಲ್ಲಿ ನಾರು ಹುಳಿಯುವಾಗ ಶಾಖ ಹುಟ್ಟುತ್ತದೆ. ಅದೇ ಅದರ ಒಲೆ, ಹುಲ್ಲೇ ಅದರ ಸೌದೆ. ಹೊರಗೆ ದಟ್ಟವಾಗಿ ಬೆಳೆದ ಚಳಿಗಾಲದ ಕೂದಲು ಅದರ ಕಂಬಳಿ. ಈ ಕಂಬಳಿ ಒಣಗಿದ್ದರೆ ಸೊನ್ನೆಗಿಂತ ೮ ಡಿಗ್ರಿ ಕೆಳಗಿಳಿದರೂ ಹಸು ವಿಶೇಷ ಮೇವಿಲ್ಲದೆ ತಡೆದುಕೊಳ್ಳುತ್ತದೆ. ಅಲ್ಲಿಂದ ಕೆಳಗೆ ಒಂದೊಂದು ಡಿಗ್ರಿಗೂ ಆಹಾರದ ಬಲ ನೂರಕ್ಕೆ ಸುಮಾರು ೨ರಂತೆ ಹೆಚ್ಚು ಬೇಕು. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಕುಳಿತಿದ್ದರೆ ನಾವು ಅಯ್ಯೋ ಪಾಪ ಎಂದೇವು. ಬಲ್ಲವನಿಗೆ ಅದು ಒಳ್ಳೆಯ ಗುರುತು, ಒಳಗಿನ ಶಾಖ ಸೋರುತ್ತಿಲ್ಲವೆಂದು. ಆದರೆ ಅದೇ ಕೂದಲು ತೋಯ್ದು ಮೈಗಂಟಿದರೆ ೧೫ ಡಿಗ್ರಿಯಲ್ಲೇ ದನಕ್ಕೆ ಚಳಿ ಹತ್ತುತ್ತದೆ. ೨೦೧೩ರ ಅಕ್ಟೋಬರ್ ಮೊದಲ ವಾರದಲ್ಲಿ ದಕ್ಷಿಣ ಡಕೋಟಾದಲ್ಲಿ ಆದದ್ದು ಇದೇ. ದನಗಳಿಗೆ ಚಳಿಗಾಲದ ಕೂದಲು ಇನ್ನೂ ಬಂದಿರಲಿಲ್ಲ. ಅವು ಬೇಸಿಗೆಯ ಬಯಲಿನಲ್ಲೇ ಇದ್ದವು. ಮೊದಲು ಮಳೆ ಸುರಿದು ತೋಯಿಸಿತು, ಮೇಲೆ ಬಿರುಗಾಳಿ, ಅಡಿಗಟ್ಟಲೆ ಹಿಮ. ಸಾವಿರ ಸಾವಿರ ದನಗಳು ಸತ್ತವು. ಅವುಗಳ ಒಡೆಯರು ಹುಲ್ಲು ಕೂಡಿಟ್ಟವರೇ, ಎಣಿಸಿ ಬಲ್ಲವರೇ. ಎಷ್ಟು ಎಚ್ಚರವಿದ್ದರೂ ಪ್ರಕೃತಿ ಮೀರುವುದುಂಟು ಎಂಬುದನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಈಗ ದಿನದ ಕೆಲಸ ಕೇಳಿರಿ. ಹಬ್ಬವೆಂದಿಲ್ಲ, ಜ್ವರವೆಂದಿಲ್ಲ, ದಿನವೂ ಹಿಂಡಿಗೆ ಹುಲ್ಲು ಹೊರಬೇಕು. ಟ್ರ್ಯಾಕ್ಟರು ಚಳಿಗೆ ಹೂಡದಿದ್ದರೆ ಅದನ್ನು ಬೆಚ್ಚಗೆ ಮಾಡಬೇಕು. ಕೆಲವು ರಾಂಚುಗಳಲ್ಲಿ ಇಂದಿಗೂ ದೊಡ್ಡ ಕುದುರೆಗಳ ಜೋಡಿ ಕಟ್ಟಿ ಹಿಮಗಾಡಿಯಲ್ಲಿ ಹುಲ್ಲು ಒಯ್ಯುತ್ತಾರೆ. ಉರುಳೆಗೆ ಸುತ್ತಿದ ಹುರಿ, ಜಾಳಿಗೆಗಳನ್ನು ಬರಿಗೈಯಿಂದಾದರೂ ಬಿಡಿಸಲೇಬೇಕು. ಅದು ಹೊಟ್ಟೆಗೆ ಹೋದರೆ ಸಿಕ್ಕಿಕೊಳ್ಳುತ್ತದೆ. ದಿನವೂ ಹೊಸ ಜಾಗದಲ್ಲಿ ಉದ್ದಕ್ಕೆ ಹರಡಬೇಕು. ಗುಡ್ಡೆ ಹಾಕಿದರೆ ಬಲಿಷ್ಠ ಹಸುಗಳು ಬಡವನ್ನು ನೂಕಿಬಿಡುತ್ತವೆ. ಚೊಚ್ಚಲ ಕಡಸುಗಳನ್ನೂ ಮುದಿಯನ್ನೂ ಬೇರೆ ಹಿಂಡು ಮಾಡಬೇಕು. ಆಮೇಲೆ ಕೊಡಲಿ ಹಿಡಿದು ನೀರಿನ ಮೇಲಿನ ಹೆಪ್ಪನ್ನು ಒಡೆಯಬೇಕು. ಹಸುವಿಗೆ ಚಳಿಯಲ್ಲಿಯೂ ದಿನಕ್ಕೆ ಮೂವತ್ತು ನಾಲ್ವತ್ತು ಲೀಟರು ನೀರು ಬೇಕು. ನೀರು ಸಾಲದಿದ್ದರೆ ಮುಂದೆ ಹುಲ್ಲಿದ್ದರೂ ತಿನ್ನುವುದಿಲ್ಲ. ಗಾಳಿಗೆ ತಡೆಯಾಗಿ ಹಲಗೆಯ ಬೇಲಿ ನಿಲ್ಲಿಸುತ್ತಾರೆ. ಅದು ತೀರ ಮುಚ್ಚಿರಬಾರದು. ಕಾಲು ಪಾಲಿನಷ್ಟು ಸಂದಿ ಬಿಟ್ಟಿರಬೇಕು. ಪೂರ್ತಿ ಮುಚ್ಚಿದರೆ ಗಾಳಿ ಮೇಲಿಂದ ಹಾರಿ ಹಿಂದೆಯೇ ಸುಳಿದು, ಹಿಮವನ್ನು ದನಗಳ ಮೇಲೆಯೇ ಸುರಿಯುತ್ತದೆ.

ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. ಚಳಿಗಾಲದ ಕೂದಲಿನಲ್ಲಿ ಬಡಕಲು ಹಸುವೂ ದುಂಡಗೆ ಕಾಣುತ್ತದೆ. ದೂರದಿಂದ ನೋಡಿದರೆ ಎಲ್ಲವೂ ಚೆನ್ನ. ಅದಕ್ಕೆ ಪಕ್ಕೆಯ ಮೇಲೆ, ಬೆನ್ನ ಮೇಲೆ ಕೈಯಿಟ್ಟು ಒತ್ತಿ, ಮೂಳೆಯ ಮೇಲೆ ಮಾಂಸವೆಷ್ಟಿದೆಯೆಂದು ತಿಳಿಯಬೇಕು. ಇದಕ್ಕೆ ೧ರಿಂದ ೯ರವರೆಗೆ ಅಂಕಗಳುಂಟು; ಈಯುವ ಹೊತ್ತಿಗೆ ಹಸು ೫ರಲ್ಲಾದರೂ ಇರಬೇಕೆಂದು ಅವರ ನಿಯಮ.

ಚಳಿ ಮುಗಿಯುವ ಮೊದಲೇ ಅನೇಕ ಕಡೆ ಈಯುವ ಕಾಲ ಬರುತ್ತದೆ. ಚೊಚ್ಚಲುಗಳನ್ನು ರಾತ್ರಿ ಎರಡು ಮೂರು ತಾಸಿಗೊಮ್ಮೆ ಎದ್ದು ನೋಡಬೇಕು. ಮ್ಯಾನಿಟೋಬಾ ಪ್ರಾಂತದ ಗಸ್ ಕೋನೆಫಾಲ್ ಎಂಬ ಕೆನಡಾದ ಸಾಕಣೆಗಾರನು ಮಧ್ಯಾಹ್ನ ಮತ್ತು ರಾತ್ರಿಯ ಹೊತ್ತು ಮೇವು ಹಾಕಿದರೆ ಹೆಚ್ಚು ಹಸುಗಳು ಹಗಲಿನಲ್ಲಿ ಈಯುತ್ತವೆಂದು ಕಂಡುಕೊಂಡ. ಈಗ ಅನೇಕರು ಹಾಗೆ ಮಾಡುತ್ತಾರೆ. ಹಿಮದಲ್ಲಿ ಬಿದ್ದ ಹಸಿಗರುವಿನ ಬಾಯೊಳಗೆ ಬೆರಳಿಟ್ಟು ನೋಡಬೇಕು. ಬಾಯಿ ತಣ್ಣಗಿದ್ದರೆ ಜೀವ ಅಪಾಯದಲ್ಲಿದೆ. ಆಗ ಅದನ್ನು ಹೊತ್ತು ತಂದು, ವಾಹನದೊಳಗೋ ಅಡಿಗೆಮನೆಯೊಳಗೋ ಮಲಗಿಸಿ, ಒರಸಿ, ಬೆಚ್ಚಗೆ ಮಾಡಿ, ಗಿಣ್ಣುಹಾಲು ಕುಡಿಸಬೇಕು. ಮೊದಲ ಕೆಲವು ತಾಸುಗಳಲ್ಲಿ ಗಿಣ್ಣು ಸಿಗದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ.

ಇಲ್ಲಿ ತಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಮಾತನ್ನು ನಾನೇ ಆಡುವುದು ಮೇಲು. ಈ ದನಗಳನ್ನು ಸಾಕುವುದು ಮಾಂಸಕ್ಕೆ. ಅದನ್ನು ಮರೆಸಿ ಕತೆ ಹೇಳುವುದು ಪ್ರಾಮಾಣಿಕವಲ್ಲ. ಆ ವಿಷಯದಲ್ಲಿ ಮನೆಮನೆಗೂ ಬೇರೆ ಬೇರೆ ಭಾವನೆ; ವಾದಕ್ಕೆ ನಾನು ಬಂದಿಲ್ಲ. ಆದರೆ ನಡುರಾತ್ರಿ ಎದ್ದು ಕರುವಿನ ಬಾಯಿಗೆ ಬೆರಳಿಟ್ಟು ನೋಡುವವನಿಗೂ, ದೂರದ ಊರಿನಲ್ಲಿ ಕುಳಿತು ಪುಸ್ತಕದಲ್ಲಿ ಹಿಂಡು ಬೆಳೆಸಿದವನಿಗೂ ವ್ಯತ್ಯಾಸವುಂಟು. ನಾನು ಹೇಳಬಂದದ್ದು ಆ ವ್ಯತ್ಯಾಸವನ್ನು.

ಇನ್ನು ನನ್ನ ನಗು ಏಕೆ ನಿಂತಿತೆಂಬುದನ್ನು ಹೇಳುತ್ತೇನೆ. ನಮ್ಮದು ವಿಜಾಪುರದ ಕಡೆಯ ಹಳ್ಳಿ. ೨೦೦೨ರ ದೀಪಾವಳಿಗೆ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಮನೆಯಲ್ಲಿ ಎರಡು ಎತ್ತು, ಒಂದು ಆಕಳು. ಮಳೆ ಹೋಗಿತ್ತು, ಮುಂದೆ ಜೋಳ ಬರುವ ಭರವಸೆಯಿರಲಿಲ್ಲ. ಹಿಂದಿನ ಬೆಳೆಯ ಕಣಿಕೆಯ ಬಣವೆಯೊಂದು ಹಿತ್ತಿಲಲ್ಲಿತ್ತು. "ನೀನು ಲೆಕ್ಕದಲ್ಲಿ ಜಾಣ, ಎಷ್ಟು ಸಿವುಡು ಇವೆ ನೋಡಿ ಬರೆದಿಡು" ಎಂದು ಅಪ್ಪ ಹೇಳಿದರು. ನಾನು ಹೊರಗಿನ ಸಾಲು ಎಣಿಸಿದೆ, ಎತ್ತರದಿಂದ ಗುಣಿಸಿದೆ, ೧,೨೦೦ ಎಂದು ಬರೆದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಅದನ್ನು ನಂಬಿ ಅಪ್ಪ, ಬೇಸಿಗೆ ಕಳೆಯುತ್ತದೆಂದು ಹೊರಗೆ ಮೇವು ಕೊಳ್ಳಲಿಲ್ಲ. ಆಗ ಇನ್ನೂ ಬೆಲೆ ಏರಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಬಣವೆಯ ನಡುಭಾಗಕ್ಕೆ ಬಂದಾಗ ಒಳಗೆ ಗೆದ್ದಲು ಹಿಡಿದು ಬರಿಯ ಮಣ್ಣಾಗಿತ್ತು. ೨೦೦೩ರ ಬರದಲ್ಲಿ ಮೇವಿಗೆ ಬೆಲೆ ಏರಿತ್ತು, ದನಕ್ಕೆ ಬೆಲೆ ಇಳಿದಿತ್ತು. ಎತ್ತು ಉಳಿಸಿಕೊಳ್ಳಲು ಆಕಳನ್ನು ಸಂತೆಗೆ ಹೊಡೆದರು. ಗೌರಿ ಎಂದು ಅದರ ಹೆಸರು. ಅಪ್ಪ ನನ್ನನ್ನು ಬಯ್ಯಲಿಲ್ಲ. ಸಂತೆಯಿಂದ ಬಂದು ಬರಿಯ ಹಗ್ಗವನ್ನು ಗೂಟಕ್ಕೆ ಸುತ್ತುತ್ತ ಒಂದೇ ಮಾತು ಕೇಳಿದರು: "ಎಣಿಸಿ ಬರೆದೆಯೋ, ಕೈಯಿಟ್ಟು ನೋಡಿ ಬರೆದೆಯೋ?"

ಈಗ ನನಗೆ ಮೂವತ್ತು ದಾಟಿದೆ. ಅನ್ನ ತಿನ್ನುವುದು ಲೆಕ್ಕ ಬರೆದೇ. ಸರಕು ಬರೆಯುವ ಮೊದಲು ಕೋಠಿಗೆ ಹೋಗಿ ಮೂಟೆಯ ಮೇಲೆ ಕೈಯಿಡುತ್ತೇನೆ; ಹಿಂದಿನ ಸಾಲನ್ನೂ ಮುಟ್ಟಿ ನೋಡುತ್ತೇನೆ. ಜೊತೆಯವರು ನಗುತ್ತಾರೆ. ನಗಲಿ. ಖಾತೆಯ ಪುಸ್ತಕ ಬೇಡವೆಂದು ನಾನು ಹೇಳುವುದಿಲ್ಲ; ೯೦೦ ಉರುಳೆಗಳ ಲೆಕ್ಕವಿಲ್ಲದೆ ಒಂದು ಹಿಂಡೂ ಚಳಿಗಾಲ ದಾಟದು. ಆದರೆ ಪುಸ್ತಕಕ್ಕೆ ಹಸಿವಿಲ್ಲ, ಚಳಿಯಿಲ್ಲ. ಆದ್ದರಿಂದ ಅದು ತಾನಾಗಿ ಕೂಗಿ ಹೇಳುವುದಿಲ್ಲ. ಬರೆದವನೇ ಎದ್ದು ಹೋಗಿ ನೋಡಬೇಕು, ಅದೂ ಬಿಸಿಲಿರುವಾಗಲೇ.

ಕಡೆಯದಾಗಿ ಒಂದು ವಿನಂತಿ. ನಮ್ಮ ವಾಚನಾಲಯದ ದಾಖಲೆಯ ಪುಸ್ತಕದಲ್ಲಿಯೂ ಒಂದು ಸಂಖ್ಯೆಯುಂಟು. ಕಪಾಟಿನ ಹಿಂದಿನ ಸಾಲಿನಲ್ಲಿ ಹುಳು ಎಷ್ಟನ್ನು ತಿಂದಿದೆ, ಹಿರಿಯರು ಊರಿನಿಂದ ಹೊತ್ತು ತಂದ ಗ್ರಂಥಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು ನಾನೂ ಕೈಯಿಟ್ಟು ನೋಡಿಲ್ಲ; ಇದು ನನ್ನದೇ ತಪ್ಪು. ಮಳೆಗಾಲಕ್ಕೆ ಮುಂಚೆ, ಬರುವ ರವಿವಾರ ಬೆಳಿಗ್ಗೆ ಎಂಟು ಗಂಟೆಗೆ, ಒಂದೊಂದು ಪುಸ್ತಕವನ್ನೂ ತೆಗೆದು ಬಿಸಿಲಿಗೆ ಹರಡಿ ಎಣಿಸೋಣವೆಂದಿದ್ದೇನೆ. ಬಿಡುವಿದ್ದವರು ದಯವಿಟ್ಟು ಬರಬೇಕು. ಮಕ್ಕಳನ್ನೂ ಕರೆತನ್ನಿ; ಕನ್ನಡ ಓದಲು ಬಾರದ ಮಕ್ಕಳಿಗೂ ಪುಸ್ತಕ ಹಿಡಿದು ಧೂಳು ಕೊಡವಲು ಬರುತ್ತದೆ. ಚಹದ ವ್ಯವಸ್ಥೆ ನನ್ನದು.